ಜಾಕೆಟ್ ಚಿಕ್ಕಮ್ಮ ಹೇಳಿದ ಇಸವಿ

ಒಬ್ಬ ಹೆಂಗಸಿಗೆ ನಮ್ಮ ಮನೆಯಿಂದ ತಪ್ಪು ಇಸವಿ ಹೇಳಿ ಕಳಿಸಿದ್ದೇವೆ. ಈ ವಾರ ನನ್ನನ್ನು ಬಿಡದೆ ಕಾಡುತ್ತಿರುವ ಚಿಂತೆ ಇದು.

ನನ್ನ ಹತ್ತಿರ ಚಿಂತೆಗಳಿಗೆ ಕೊರತೆಯೇನಿಲ್ಲ. ಮಗುವಿಗೆ ಇನ್ನೂ ಹಲ್ಲು ಬರುತ್ತಿದೆ. ಅದು ಕೆಮ್ಮಿದರೆ ಒಂದು ಚಿಂತೆ, ಬಹಳ ಹೊತ್ತು ಕೆಮ್ಮದೆ ಸುಮ್ಮನಿದ್ದರೆ ಇನ್ನೊಂದು. ಚಿಂತೆ ಮಾಡಲು ಏನೂ ಸಿಗದ ದಿನ, ಏನೋ ಮರೆತಿದ್ದೇನೆ ಎಂದು ನಾನು ಚಿಂತೆ ಮಾಡುತ್ತೇನಂತೆ. ಹಾಗೆಂದು ನಮ್ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಇರಲಿ. ಆದರೆ ಉಳಿದ ಚಿಂತೆಗಳು ಮಗು ಹಾಲು ಕುಡಿದು ತೇಗುವಷ್ಟರಲ್ಲಿ ಕರಗಿ ಹೋಗುತ್ತವೆ. ಇದು ಹೋಗುತ್ತಿಲ್ಲ. ಹೋಗದಿರಲು ಕಾರಣ, ಇದು ನಿಜಕ್ಕೂ ನನ್ನದಲ್ಲ, ಚಿಕ್ಕಮ್ಮನದು. ಅವಳು ಮಾಡುತ್ತಿಲ್ಲ, ಯಾರಾದರೂ ಮಾಡಲೇಬೇಕಲ್ಲ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮಹಡಿಯ ಮೇಲೆ ನಾವು, ಕೆಳಗೆ ಅವಳು. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ದಪ್ಪ ಸೂಜಿಯ ಹೊಲಿಗೆ ಯಂತ್ರ, ನಡುವೆ ಕಲೆ ಬಿದ್ದ ಉದ್ದನೆಯ ಮೇಜು, ಗೋಡೆಗೆ ಹೊಡೆದ ಮೊಳೆಗಳಿಗೆ ನೇತು ಹಾಕಿದ ಚರ್ಮದ ಜಾಕೆಟ್‌ಗಳು. ಮೊದಲ ಸಲ ಒಳಗೆ ಬಂದವರಿಗೆ, ತಲೆಯಿಲ್ಲದ ಏಳೆಂಟು ಗಂಡಸರು ಗೋಡೆಗೆ ಮುಖ ಮಾಡಿ ನಿಂತು ಶಿಕ್ಷೆ ಅನುಭವಿಸುತ್ತಿರುವಂತೆ ಕಾಣುತ್ತದೆ. ನನ್ನ ಮಗು ಮಾತ್ರ ಅವರನ್ನು ನೋಡಿ ನಗುತ್ತದೆ.

ಹದಿನಾರು ತುಂಬುವ ಮೊದಲೇ ಚಿಕ್ಕಮ್ಮ ಜಾಕೆಟ್ ಫ್ಯಾಕ್ಟರಿಗೆ ಸೇರಿದಳು. ಮೋಟರ್ ಸೈಕಲ್ ಓಡಿಸುವವರಿಗಾಗಿ ಚರ್ಮದ ಜಾಕೆಟ್ ಹೊಲಿಯುವ ಫ್ಯಾಕ್ಟರಿ. ಕೆಲವರು ಕತ್ತರಿಸುವವರು, ಕೆಲವರು ತೋಳು ಜೋಡಿಸುವವರು. ಚಿಕ್ಕಮ್ಮ ಜಿಪ್ ಹಾಕುವವಳು. ಫ್ಯಾಕ್ಟರಿ ಮುಚ್ಚುವವರೆಗೂ ಅದೇ ಬೆಂಚಿನಲ್ಲಿ ಕೂತು ಜಿಪ್ ಹಾಕಿದಳು. ಇಷ್ಟೆಲ್ಲ ಮಾಡಿಯೂ ಅವಳು ಜನ್ಮದಲ್ಲಿ ಮೋಟರ್ ಸೈಕಲ್ ಹತ್ತಿದವಳಲ್ಲ. ಯಾಕೆ ಎಂದರೆ, "ಬೀಳ್ತಾರೆ" ಎನ್ನುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದರೆ, "ಪುರುಸೊತ್ತಾಗಲಿಲ್ಲ" ಎನ್ನುತ್ತಾಳೆ. ಎರಡಕ್ಕೂ ಒಂದೇ ಮುಖ.

ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲೇ ಬ್ಯಾಗು, ಜಿಪ್ಪು, ಬೆಲ್ಟು ರಿಪೇರಿ ಮಾಡುತ್ತಾ ಕೂತಳು. ಆಮೇಲೆ ಒಂದು ಕಾಲ ಬಂತು, ಹಳೆಯ ಜಾಕೆಟ್‌ಗಳಿಗೆ ಹೊಸದಕ್ಕಿಂತ ಹೆಚ್ಚು ಮರ್ಯಾದೆ ಬಂತು. ಹರಿದಷ್ಟೂ ಒಳ್ಳೆಯದು, ಹಳೆಯದಾದಷ್ಟೂ ಇನ್ನೂ ಒಳ್ಳೆಯದು. ಆದರೆ ಎಷ್ಟು ಹಳೆಯದು ಎಂದು ಹೇಳುವವರು ಬೇಕಲ್ಲ? ಹೀಗೆ ಚಿಕ್ಕಮ್ಮ ಜಾಕೆಟ್‌ಗಳ ಹುಟ್ಟಿದ ಇಸವಿ ಹೇಳುವವಳಾದಳು. ಹಳೆ ಸಾಮಾನಿನ ವ್ಯಾಪಾರಿಗಳು ಅವಳನ್ನು ಜಾಕೆಟ್ ಅಕ್ಕ ಎನ್ನುತ್ತಾರೆ.

ಅವಳ ಸಲಕರಣೆಗಳೆಂದರೆ ಒಂದು ಭೂತಗನ್ನಡಿ, ಒಂದು ಮ್ಯಾಗ್ನೆಟ್, ಒಂದು ಮೋಂಬತ್ತಿ ಮತ್ತು ಮೂಗು. ಮ್ಯಾಗ್ನೆಟ್ ಜಿಪ್ಪಿಗೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಹಿತ್ತಾಳೆ ಇಲ್ಲವೇ ಅಲ್ಯುಮಿನಿಯಂ. ಹೊಲಿಗೆಯ ದಾರದ ತುಂಡನ್ನು ಮೋಂಬತ್ತಿಗೆ ಹಿಡಿದರೆ ಹತ್ತಿಯದು ಉರಿದು ಬೂದಿಯಾಗುತ್ತದೆ, ನೈಲಾನ್ ಕರಗಿ ತುದಿಯಲ್ಲಿ ಮಣಿಯಂತೆ ಗಟ್ಟಿಯಾಗುತ್ತದೆ. ಕಾಲರ್ ಎಷ್ಟು ಅಗಲ, ಲೈನಿಂಗ್ ಬಟ್ಟೆ ಯಾವುದು, ಲೇಬಲ್ಲಿನ ಅಕ್ಷರ ನೇಯ್ದದ್ದೋ ಅಚ್ಚು ಹಾಕಿದ್ದೋ, ಎಲ್ಲಕ್ಕೂ ಅವಳ ಬಳಿ ಕಾಲ ಇದೆ. ಜಾಕೆಟ್ ಹಾಕಿಕೊಂಡವನು ನಿಜಕ್ಕೂ ಗಾಡಿ ಓಡಿಸುತ್ತಿದ್ದನೋ ಇಲ್ಲವೋ ಎಂಬುದನ್ನೂ ಹೇಳುತ್ತಾಳೆ. ಓಡಿಸಿದವನ ಜಾಕೆಟ್ಟಿಗೆ ಗಾಳಿ ಹೊಡೆದು ಎದೆ ಒರಟು, ಬೆನ್ನು ನುಣುಪು. ಹಾಕಿಕೊಂಡು ರಸ್ತೆ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತವನದು ಎದೆ ನುಣುಪು, ಬೆನ್ನು ಒರಟು. "ಎರಡನೇ ತರದವರೇ ಜಾಸ್ತಿ" ಎಂದು ಅವಳ ಅನುಭವ.

ಮಗುವನ್ನು ಎತ್ತಿಕೊಂಡು ಬೇಸರಕ್ಕೆ ಕೆಳಗಿಳಿದು ಬರುವ ನನಗೂ ಅವಳು ಒಂದಿಷ್ಟು ಕಲಿಸಿದ್ದಾಳೆ. ಅವಳ ಮೊದಲ ಪಾಠ ಇದು: ಜಾಕೆಟ್ಟಿನಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಎಂದು ನೋಡಬೇಡ, ಎಲ್ಲಕ್ಕಿಂತ ಹೊಸದು ಯಾವುದು ಎಂದು ಹುಡುಕು. ಅದು ಆಮೇಲೆ ರಿಪೇರಿ ಮಾಡಿದ್ದಲ್ಲ ಎಂದು ಖಾತ್ರಿಯಾದರೆ, ಜಾಕೆಟ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ.

ಒಮ್ಮೆ ಇಸವಿ ಹೇಳಿದರೆ ಅವಳು ಅದನ್ನು ಬದಲಿಸಿದ ಉದಾಹರಣೆ ಇಲ್ಲ. ಒಬ್ಬ ವ್ಯಾಪಾರಿ ಒಂದು ದಿನ ಗೋಗರೆದ.

"ಅಕ್ಕಾ, ಒಂದೆರಡು ವರ್ಷ ಹಿಂದಕ್ಕೆ ಹಾಕಿ ಅಕ್ಕಾ. ನಿಮ್ಮ ಗಂಟೇನು ಹೋಗುತ್ತೆ?"

"ನಿಮ್ಮಮ್ಮನ್ನ ಕೇಳ್ಕೊಂಡು ಬಾ," ಎಂದಳು ಚಿಕ್ಕಮ್ಮ, ಸೂಜಿಗೆ ದಾರ ಪೋಣಿಸುತ್ತಾ. "ನಿನ್ನನ್ನೂ ಒಂದೆರಡು ವರ್ಷ ಹಿಂದಕ್ಕೆ ಹೆರೋಕೆ ಆಗುತ್ತಾ ಅಂತ. ಆಗುತ್ತೆ ಅಂದ್ರೆ ನಾನೂ ಹಾಕ್ತೀನಿ."

ಅವನು ಮತ್ತೆ ಕೇಳಲಿಲ್ಲ. ಮತ್ತೆ ಬರುವುದನ್ನೂ ಬಿಡಲಿಲ್ಲ. ಜಾಕೆಟ್ ಅಕ್ಕ ಹೇಳಿದ ಇಸವಿ ಎಂದರೆ ಪೇಟೆಯಲ್ಲಿ ಎರಡು ಮಾತಿಲ್ಲ.

ಇಂಥವಳ ಬಳಿ ಬಂದವರು ಕ್ಲಚ್ ಮೇಡಂ.

ಕ್ಲಚ್ ಮೇಡಂ ನಮ್ಮ ಏರಿಯಾದಲ್ಲಿ ಕಾರು ಓಡಿಸಲು ಕಲಿಸುವವರು. ನಡು ವಯಸ್ಸು, ಗಟ್ಟಿ ಗಂಟಲು. ಅವರ ಕಾರು ಬೀದಿಯಲ್ಲಿ ಹೋಗುತ್ತಿದ್ದರೆ ಕಿಟಕಿಯಿಂದ "ಕ್ಲಚ್! ಕ್ಲಚ್! ಕ್ಲಚ್ ಅಂದ್ನಲ್ಲಾ!" ಎಂಬ ಕೂಗು ಮೊದಲು ಬರುತ್ತದೆ, ಕಾರು ಆಮೇಲೆ. ಅವತ್ತು ಅವರು ಒಂದು ದಿಂಬಿನ ಕವರಿನಲ್ಲಿ ಜಾಕೆಟ್ ಸುತ್ತಿಕೊಂಡು ಬಂದರು. ಕಪ್ಪು ಚರ್ಮ, ಮಡಿಕೆಗಳಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಒಳಗೆ ಲೈನಿಂಗೇ ಇರಲಿಲ್ಲ.

"ಲೈನಿಂಗ್ ಎಲ್ಲಿ ಹೋಯ್ತು?" ಎಂದಳು ಚಿಕ್ಕಮ್ಮ.

"ಅಮ್ಮ ಕಿತ್ತು ನೆಲ ಒರೆಸೋಕೆ ಇಟ್ಕೊಂಡಿದ್ರಂತೆ."

"ಲೇಬಲ್ಲು?"

"ಅದರ ಜೊತೆಗೇ ಇತ್ತಂತೆ."

"ಹಾಗಾದ್ರೆ ಅದೂ ನೆಲ ಒರೆಸ್ತು," ಎಂದಳು ಚಿಕ್ಕಮ್ಮ.

ಕ್ಲಚ್ ಮೇಡಂ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತರು. ಎರಡೂ ಕಾಲು ನೆಲಕ್ಕೆ ಒತ್ತಿ ಹಿಡಿದಿದ್ದರು, ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕಬೇಕಾಗಬಹುದು ಎನ್ನುವಂತೆ. ಆಮೇಲೆ ಯಾರೂ ಕೇಳದೆಯೇ ಹೇಳಿದರು.

ಜಾಕೆಟ್ ಅವರ ಅಪ್ಪನದು. ಅಪ್ಪ ಮೋಟರ್ ಸೈಕಲ್ ಹತ್ತಿ ಹೋದವನು ತಿರುಗಿ ಬರಲಿಲ್ಲ. ಯಾವಾಗ ಹೋದ ಎಂಬುದರಲ್ಲೇ ತಕರಾರು. ಅಮ್ಮ ಹೇಳುವುದು, ನೀನು ಹೊಟ್ಟೆಯಲ್ಲಿದ್ದಾಗಲೇ ಹೋದ, ನಿನ್ನ ಮುಖವನ್ನೇ ಅವನು ನೋಡಿಲ್ಲ. ಆದರೆ ಕ್ಲಚ್ ಮೇಡಂಗೆ ಒಂದು ನೆನಪು ಇದೆ.

"ಚಳಿ ಇತ್ತು. ಯಾರೋ ನನ್ನನ್ನ ಎತ್ತಿ ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸ್ದ್ರು. ಟ್ಯಾಂಕ್ ಬೆಚ್ಚಗಿತ್ತು. ಹಿಂದಿಂದ ತಬ್ಕೊಂಡಿದ್ರು, ಕೆನ್ನೆಗೆ ಜಿಪ್ ತಣ್ಣಗೆ ತಾಗ್ತಿತ್ತು. ಅಷ್ಟೇ. ಮುಂದೂ ಇಲ್ಲ, ಹಿಂದೂ ಇಲ್ಲ. ಅಮ್ಮನ್ನ ಕೇಳಿದ್ರೆ ಕನಸು ಅಂತಾರೆ. ಚಿಕ್ಕವಳಿದ್ದಾಗಿಂದ ನಮ್ಮಿಬ್ಬರಿಗೂ ಇದೇ ಜಗಳ. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಇದು ಸಿಕ್ತು. ಕೇಳಿದ್ರೆ, ಅವನದೇ, ಹೋಗುವಾಗ ಬಿಟ್ಟು ಹೋಗಿದ್ದು ಅಂದ್ರು."

"ಹುಟ್ಟಿದ್ದು ಯಾವಾಗ ನೀವು?"

"ಎಪ್ಪತ್ತೊಂಬತ್ತು."

ಇನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಜಾಕೆಟ್ ಎಪ್ಪತ್ತೊಂಬತ್ತಕ್ಕಿಂತ ಮೊದಲಿನದಾದರೆ ಅಮ್ಮನ ಮಾತು ನಿಲ್ಲುತ್ತದೆ. ಆಮೇಲಿನದಾದರೆ, ಅದನ್ನು ಹಾಕಿಕೊಂಡವನು ಮಗಳು ಹುಟ್ಟಿದ ಮೇಲೂ ಆ ಮನೆಗೆ ಬಂದಿದ್ದ ಎಂದಾಯಿತು. ಟ್ಯಾಂಕೂ ನಿಜ, ಜಿಪ್ಪೂ ನಿಜ. ನಾನು ಮಗುವಿನ ಬಾಯಿಯಿಂದ ಬಟನ್ ಒಂದನ್ನು ಕಿತ್ತುಕೊಂಡು ಮೇಜಿನ ಹತ್ತಿರಕ್ಕೆ ಸರಿದೆ.

ಚಿಕ್ಕಮ್ಮ ಜಾಕೆಟ್ ತಿರುಗಿಸಿ ನೋಡಿದಳು. ಜೇಬಿನ ಓರೆ ನೋಡಿದ ಕೂಡಲೇ, "ನಮ್ಮ ಫ್ಯಾಕ್ಟರಿ ಮಾಲು" ಎಂದಳು. ಜಿಪ್ಪಿಗೆ ಮ್ಯಾಗ್ನೆಟ್ ಹಿಡಿದಳು, ಅಂಟಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದಾಗ ಹಿತ್ತಾಳೆ ಹೊಳೆಯಿತು. ಅದರ ರನ್ನರಿಗೆ ಸಣ್ಣ ಗಂಟೆಯಾಕಾರದ ಹಿಡಿ ಇತ್ತು. ಅದನ್ನು ಬೆರಳಲ್ಲಿ ತೂಗಿದಳು. ಅವಳ ಮುಖದಲ್ಲಿ ಹಳೆಯ ಗೆಳತಿಯನ್ನು ಬಸ್ಸಿನಲ್ಲಿ ಕಂಡವರ ಕಳೆ.

"ಈ ಗಂಟೆ ಜಿಪ್ ನಮಗೆ ಬರ್ತಿದ್ದಿದ್ದು ಎಪ್ಪತ್ತಾರರವರೆಗೆ. ಆಮೇಲೆ ಅಲ್ಯುಮಿನಿಯಂ ಬಂತು. ಇದು ಎಪ್ಪತ್ತೈದು, ಎಪ್ಪತ್ತಾರು. ಅದರ ಈಚೆಗಲ್ಲ."

"ಜಿಪ್ ಮಾತ್ರ ಬೇರೆ ಹಾಕಿರಬಹುದಾ?"

ಚಿಕ್ಕಮ್ಮ ಜಿಪ್ಪಿನ ಅಂಚನ್ನು ಬಗ್ಗಿಸಿ ತೋರಿಸಿದಳು. "ಇಲ್ನೋಡಿ, ಚರ್ಮದಲ್ಲಿ ಸೂಜಿ ತೂತು ಒಂದೇ ಸಾಲು. ಬಿಚ್ಚಿ ಬೇರೆ ಹಾಕಿದ್ರೆ ಎರಡು ಸಾಲಿರ್ತಿತ್ತು. ಬಟ್ಟೆ ತರ ಅಲ್ಲ ಚರ್ಮ, ಒಂದ್ಸಲ ತೂತಾದ್ರೆ ಮುಚ್ಕೊಳ್ಳಲ್ಲ. ಹುಟ್ಟಿದಾಗಿಂದ ಇದೇ ಜಿಪ್."

ಕ್ಲಚ್ ಮೇಡಂ ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಸರಿ ಬಿಡಿ. ಅಮ್ಮ ಗೆದ್ರು," ಎಂದು ನಕ್ಕರು. ಜಾಕೆಟ್ ಹೇಗೂ ಇದೆಯಲ್ಲ, ಲೈನಿಂಗ್ ಹಾಕಿಕೊಡಿ, ಚಳಿಗೆ ಹಾಕಿಕೊಳ್ಳುತ್ತೇನೆ ಎಂದು ಬಿಟ್ಟು ಹೋದರು. ದಿಂಬಿನ ಕವರನ್ನು ನೀಟಾಗಿ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದರು.

ತಪ್ಪು ಆದದ್ದು ಹೀಗೆ. ದಾರ ಸುಡುವ ಪರೀಕ್ಷೆಯನ್ನು ಚಿಕ್ಕಮ್ಮ ಅವತ್ತು ಮಾಡಲೇ ಇಲ್ಲ. ಬೇರೆ ಯಾರ ಜಾಕೆಟ್ ಆದರೂ, ಕಾಲರ್ ನೋಡಿ ಖಾತ್ರಿಯಿದ್ದರೂ, ಮೋಂಬತ್ತಿ ಹಚ್ಚದೆ ಬಿಟ್ಟವಳಲ್ಲ. ಆದರೆ ಇದು ಅವಳದೇ ಫ್ಯಾಕ್ಟರಿ, ಅವಳದೇ ಜಿಪ್. ಜಿಪ್ ವಿಷಯದಲ್ಲಿ ಅವಳು ತನ್ನ ಕೈಯನ್ನೇ ನಂಬಿದಳು.

ಎರಡು ದಿನ ಬಿಟ್ಟು ಲೈನಿಂಗಿಗೆ ಅಣಿ ಮಾಡಲು ಜಾಕೆಟ್ ತೆಗೆದಳು. ನಾನು ಕಿಟಕಿಯ ಬಳಿ ಮಗುವಿಗೆ ಬೆಂದ ಗೆಣಸು ತಿನ್ನಿಸುತ್ತಿದ್ದೆ. ಗೆಣಸು ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ನಡೆದಿತ್ತು. ಚಿಕ್ಕಮ್ಮ ಜೇಬಿನ ಒಳಚೀಲದ ಹೊಲಿಗೆ ಬಿಚ್ಚಿದಳು. ಬಿಚ್ಚಿದ ದಾರವನ್ನು ಬಿಸಾಡದೆ ಬೆರಳ ನಡುವೆ ಹೊಸೆದಳು. ಮೋಂಬತ್ತಿ ಹಚ್ಚಿದಳು. ನಾನು ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಹಿಂದೆ ಸರಿದೆ.

ದಾರ ಉರಿಯಲಿಲ್ಲ, ಕರಗಿತು. ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ ನಿಂತಿತು.

"ಜೇಬು ರಿಪೇರಿ ಮಾಡ್ಸಿರ್ತಾನೆ," ಎಂದಳು. ಆದರೆ ಕುರ್ಚಿಯಿಂದ ಏಳಲಿಲ್ಲ. ತೋಳಿನ ಕಂಕುಳಿನಿಂದ ಒಂದು ತುಂಡು ದಾರ ತೆಗೆದಳು. ಅದೂ ಕರಗಿತು. ಕಾಲರಿನ ಅಡಿಯಿಂದ ತೆಗೆದಳು, ಕರಗಿತು. ಕೊನೆಗೆ ಜಿಪ್ ಪಟ್ಟಿಯ ಕೆಳಗೆ, ಯಾವ ರಿಪೇರಿಯವನ ಸೂಜಿಯೂ ಹೋಗದ ಜಾಗದಿಂದ ಒಂದು ಎಳೆ ತೆಗೆದಳು. ಕರಗಿತು.

"ನಿಮ್ಮ ಫ್ಯಾಕ್ಟರಿಗೆ ನೈಲಾನ್ ದಾರ ಬಂದಿದ್ದು ಯಾವಾಗ ಚಿಕ್ಕಮ್ಮ?" ಎಂದೆ. ನನಗೆ ಗೊತ್ತಿತ್ತು. ಅವಳೇ ಹೇಳಿಕೊಟ್ಟದ್ದು.

"ಎಂಬತ್ತಕ್ಕೆ."

ಅವಳು ಭೂತಗನ್ನಡಿ ತೆಗೆದುಕೊಂಡು ಜಿಪ್ಪಿನ ಮೇಲೆ ಬಾಗಿದಳು. ಈ ಸಲ ಚರ್ಮವನ್ನಲ್ಲ, ಜಿಪ್ಪಿನ ಹಲ್ಲುಗಳನ್ನು ಹಿಡಿದಿರುವ ಬಟ್ಟೆಯ ಪಟ್ಟಿಯನ್ನು ನೋಡಿದಳು. ನೋಡಿ ಗಾಜನ್ನು ನನ್ನ ಕಡೆ ಚಾಚಿದಳು. ಪಟ್ಟಿಯಲ್ಲಿ ಈಗಿನ ಹೊಲಿಗೆಯ ಪಕ್ಕದಲ್ಲೇ, ದಾರವಿಲ್ಲದ ಇನ್ನೊಂದು ಸಾಲು ತೂತು ಇತ್ತು. ಸಣ್ಣ ಸಣ್ಣ ಚುಕ್ಕೆ, ಉದ್ದಕ್ಕೂ. ಚರ್ಮಕ್ಕೆ ಒಂದೇ ಸಲ ಹೊಲಿಗೆ ಬಿದ್ದಿತ್ತು, ಜಿಪ್ಪಿಗೆ ಎರಡು ಸಲ. ಎಂದರೆ ಜಾಕೆಟ್ಟಿಗೆ ಇದು ಮೊದಲ ಜಿಪ್, ಜಿಪ್ಪಿಗೆ ಇದು ಎರಡನೇ ಜಾಕೆಟ್.

ಚಿಕ್ಕಮ್ಮ ಮೋಂಬತ್ತಿ ಆರಿಸಿದಳು.

"ಒಂದು ಚಳಿಗಾಲ ಜಿಪ್ ಬರೋದು ನಿಂತು ಹೋಯ್ತು," ಎಂದಳು. "ಕಳಿಸೋರ ಕಡೆ ಬೀಗ ಬಿದ್ದಿತ್ತು. ಆರ್ಡರ್ ಮಾತ್ರ ಗುಡ್ಡೆ ಬಿದ್ದಿದೆ. ಧಣಿ ಗೋಡೌನಿಂದ ರಿಜೆಕ್ಟ್ ಆದ ಹಳೆ ಜಾಕೆಟ್‌ಗಳನ್ನ ಹೊರಿಸ್ಕೊಂಡು ಬಂದ. ಎಷ್ಟೋ ವರ್ಷದಿಂದ ಬಿದ್ದಿದ್ದವು. ಅದರ ಜಿಪ್ ಬಿಚ್ಚಿ ಹೊಸದಕ್ಕೆ ಹಾಕಿ ಅಂದ. ನಮ್ಮ ಬೆಂಚಿಗೆ ಆ ಚಳಿಗಾಲ ಪೂರ್ತಿ ಅದೇ ಕೆಲಸ. ಎಂಬತ್ತೆರಡು."

"ಬೆಂಚು ಅಂದ್ರೆ..."

"ನಾವು ಮೂರು ಜನ. ಈ ಜಿಪ್ ಹಾಕಿದ್ದು ನಾನೇ ಇರಬಹುದು." ಜಿಪ್ಪಿನ ಅಂಚನ್ನು ಬೆರಳಲ್ಲಿ ಸವರಿ, "ಹೊಲಿಗೆ ನೆಟ್ಟಗಿದೆ. ನಾನೇ," ಎಂದಳು.

ಎಂಬತ್ತೆರಡರ ಚಳಿಗಾಲ ಎಂದರೆ ಕ್ಲಚ್ ಮೇಡಂಗೆ ಮೂರು ವರ್ಷ. ಮೂರು ವರ್ಷದ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಬಹುದು. ಕೂರಿಸಬಾರದು, ಅಪಾಯ, ಆದರೆ ಕೂರಿಸಬಹುದು.

"ಈಗಲೇ ಫೋನ್ ಮಾಡೋಣ," ಎಂದೆ.

"ಏನಂತ?"

"ತಪ್ಪಾಯ್ತು, ಎಂಬತ್ತೆರಡು ಅಂತ."

"ನಾನು ಹೇಳಿದ್ದು ಹೇಳಿ ಆಯ್ತು." ಕಡ್ಡಿ ಮುರಿದಂತೆ ಹೇಳಿ ಜೇಬಿನ ಒಳಚೀಲಕ್ಕೆ ಬಟ್ಟೆ ಕತ್ತರಿಸಲು ಕೂತಳು.

ಹಟ ಎಂದುಕೊಂಡು ನನಗೆ ಸಿಟ್ಟು ಬಂತು. ಪೇಟೆಯಲ್ಲಿ ಹೆಸರು ಹೋಗುತ್ತದೆಂಬ ಭಯ ನಿನಗೆ, ಎಂದೆ. ಅವಳು ಕತ್ತರಿ ಕೆಳಗಿಟ್ಟಳು.

"ಹೆಸರು ಕಟ್ಕೊಂಡು ಏನು ಮಾಡ್ಲೇ ನಾನು? ಅವಳಿಗೆ ಏನಂತ ಹೇಳ್ತೀಯ, ಅದನ್ನ ಹೇಳು ಮೊದ್ಲು. ನಿಮ್ಮಪ್ಪ ಬಂದಿದ್ದ, ನಿನ್ನನ್ನ ನೋಡ್ದ, ಎತ್ಕೊಂಡು ಆಡಿಸ್ದ, ಆಮೇಲೆ ಎದ್ದು ಹೋದ ಅಂತಾನಾ? ಹುಟ್ಟೋ ಮುಂಚೆ ಹೋದೋನು ಯಾರನ್ನೋ ಬಿಟ್ಟು ಹೋದ. ನೋಡಿದ ಮೇಲೆ ಹೋದೋನು ಇವಳನ್ನೇ ಬಿಟ್ಟು ಹೋದ. ಯಾವುದು ವಾಸಿ? ಅವರಮ್ಮ ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ಸುಮ್ನೇನಾ? ಲೈನಿಂಗ್ ಕಿತ್ತಿದ್ದು ನೆಲ ಒರೆಸೋಕೇ ಅಂತ ನಿಂಗೆ ಯಾರು ಹೇಳಿದ್ದು? ಲೇಬಲ್ ಯಾರ ಕಣ್ಣಿಗೂ ಬೀಳಬಾರದು ಅಂತಾನೂ ಇರಬಹುದಲ್ಲ?"

ಉತ್ತರವಿಲ್ಲದ ಪ್ರಶ್ನೆ ನನ್ನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಮ್ಮನೆಯವರನ್ನು ಕೇಳಬೇಕು. ಮೇಲೆ ಹೋಗಿ ಮಗುವನ್ನು ಮಲಗಿಸಿದೆ, ಅದು ಉಸಿರಾಡುತ್ತಿದೆಯೇ ನೋಡಿದೆ, ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಮತ್ತೆ ಉಸಿರು ನೋಡಿದೆ, ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಫೋನ್ ಕೈಗೆತ್ತಿಕೊಂಡು ನಂಬರ್ ತೆಗೆದು, ಹವಾಮಾನ ನೋಡಿ ಕೆಳಗಿಟ್ಟೆ. ನಮ್ಮನೆಯವರನ್ನು ಕೇಳಿದೆ.

"ನೀನು ಏನು ಮಾಡಿದ್ರೂ ಆಮೇಲೆ ತಪ್ಪು ಮಾಡಿದೆ ಅಂತ ಒದ್ದಾಡ್ತೀಯ," ಎಂದರು. "ಯಾವುದರಲ್ಲಿ ಕಮ್ಮಿ ಒದ್ದಾಡ್ತೀಯೋ ಅದನ್ನ ಮಾಡು."

ಸಮಾಧಾನಕ್ಕೆ ಹೇಳಿದ್ದೋ ತಮಾಷೆಗೋ ಗೊತ್ತಾಗಲಿಲ್ಲ. ಕೆಲವು ದಿನ ಹೀಗೇ ಹೋಯಿತು. ಚಿಕ್ಕಮ್ಮನೂ ನಾನೂ ಮಗುವಿನ ಮೂಲಕ ಮಾತಾಡಿದೆವು. "ನಿಮ್ಮಮ್ಮಂಗೆ ಟೀ ಬೇಕಾ ಕೇಳು" ಎಂದು ಅವಳು. "ಬೇಡ ಅಂತ ಹೇಳು ಪುಟ್ಟಾ" ಎಂದು ನಾನು. ಮಗು ಇಬ್ಬರಿಗೂ ಜೊಲ್ಲು ಸುರಿಸಿತು.

ಇವತ್ತು ಮಧ್ಯಾಹ್ನ ಕ್ಲಚ್ ಮೇಡಂ ಲೈನಿಂಗಿನ ಬಣ್ಣ ಆರಿಸಲು ಬಂದರು. ಹೊರಗೆ ಕಾರಿನಲ್ಲಿ ಕಲಿಯಲು ಬಂದ ಹುಡುಗಿ ಕೂತಿದ್ದಳು, ಹಾಗಾಗಿ ಆತುರದಲ್ಲಿದ್ದರು. ಚಿಕ್ಕಮ್ಮ ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿದಳು. ಅವರು ಕಂದು ಬಣ್ಣದ್ದನ್ನು ಮುಟ್ಟಿದರು, ಕೆಂಪನ್ನು ಮುಟ್ಟಿದರು, ಮತ್ತೆ ಕಂದಿಗೆ ಬಂದರು.

"ಏನು ಮೇಡಂ, ಒಂದು ಬಣ್ಣಕ್ಕೆ ಇಷ್ಟು ಯೋಚ್ನೆ?" ಎಂದಳು ಚಿಕ್ಕಮ್ಮ.

"ಅಯ್ಯೋ, ಈಗೀಗ ಎಲ್ಲದಕ್ಕೂ ಹೀಗೇ ಆಗಿದೆ ಅಕ್ಕ." ಅವರು ನಗುತ್ತಲೇ ಹೇಳಿದರು. "ನನ್ನ ತಲೆ ಮೇಲೆ ನಂಗೇ ನಂಬಿಕೆ ಹೋಗಿದೆ. ಆ ಟ್ಯಾಂಕು, ಆ ಜಿಪ್ಪು, ಈ ಮೇಜು ಎಷ್ಟು ನಿಜಾನೋ ಅಷ್ಟು ನಿಜ ಅಂದ್ಕೊಂಡಿದ್ದೆ. ಅದೇ ಸುಳ್ಳು ಅಂದ್ಮೇಲೆ ಇನ್ನು ಏನೇನು ನಾನೇ ಕಟ್ಕೊಂಡಿದ್ದೀನೋ. ಮೊನ್ನೆ ಪಾಠ ಹೇಳುವಾಗ ಕನ್ನಡಿಯಲ್ಲಿ ಲಾರಿ ನೋಡ್ದೆ. ನೋಡಿದ್ನಾ ಅಂತ ಮತ್ತೆ ನೋಡ್ದೆ. ಆಮೇಲೆ ಬ್ರೇಕ್ ಹಾಕ್ದೆ. ನಾನು! ಅಮ್ಮನ ಹತ್ರ ಹೋಗಿ ಕ್ಷಮಿಸು ಅಂತಾನೂ ಕೇಳ್ದೆ, ಇಷ್ಟು ವರ್ಷ ನಿನ್ನ ಸುಳ್ಳುಗಾತಿ ಅಂದೆ ಅಂತ."

"ಅವರೇನಂದ್ರು?" ಎಂದೆ ನಾನು.

"ಎದ್ದು ಹೋಗಿ ಪಾತ್ರೆ ತೊಳೆದ್ರು. ತೊಳೆದಿದ್ದ ಪಾತ್ರೇನೇ."

ಹೊರಗೆ ಹಾರ್ನ್ ಆಯಿತು. "ಹಾರ್ನ್ ಮುಟ್ಬೇಡ ಅಂದಿದ್ದೀನಿ!" ಎಂದು ಕಿಟಕಿಯತ್ತ ಕೂಗಿ, ಕಂದು ಬಟ್ಟೆಯ ಮೇಲೆ ಬೆರಳಿಟ್ಟು, "ಇದೇ ಇರ್ಲಿ. ಇಲ್ಲಾಂದ್ರೆ ನೀವೇ ಯಾವುದಾದ್ರೂ ಹಾಕಿ," ಎಂದು ಹೊರಟರು. ಅಷ್ಟರಲ್ಲಿ ಮಗು ಅಳಲು ಶುರು ಮಾಡಿತ್ತು. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಕಾರು ತಿರುವಿನಲ್ಲಿ ಕುಲುಕುತ್ತಾ ಮರೆಯಾಯಿತು.

ಚಿಕ್ಕಮ್ಮ ಯಂತ್ರದ ಮುಂದೆ ಕೂತಿದ್ದಳು. ಕಾಲು ಪೆಡಲಿನ ಮೇಲಿತ್ತು, ಯಂತ್ರ ಓಡುತ್ತಿರಲಿಲ್ಲ.

ಯಾವುದು ವಾಸಿ ಎಂಬ ಅವಳ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಆದರೆ ಗ್ಯಾಸ್ ಆರಿಸಿದ್ದು ಕಣ್ಣಿಗೆ ಕಟ್ಟಿದಂತೆ ನೆನಪಿದ್ದರೂ ಅರ್ಧ ದಾರಿಯಿಂದ ಮನೆಗೆ ಓಡಿ ಬರುವವಳು ನಾನು. ನಮ್ಮ ತಲೆ ಹೇಳುವುದನ್ನು ನಾವೇ ನಂಬದೆ ಬದುಕುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ನನಗಿರಲಿ. ರಸ್ತೆಯಲ್ಲಿ ಇನ್ನೊಬ್ಬರ ಪಕ್ಕ ಕೂತು ಬ್ರೇಕ್ ಹಾಕುವವರಿಗೆ ಬೇಡ.

ಮಗುವನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿ ಫೋನ್ ತೆಗೆದೆ. ಅವಳು ಬೇಡ ಎನ್ನಲಿಲ್ಲ. ಮಗುವಿನ ಕೈಯಿಂದ ಮ್ಯಾಗ್ನೆಟ್ ಬಿಡಿಸುತ್ತಾ, "ಸ್ಪೀಕರ್ ಹಾಕು," ಎಂದಳು. "ನೀನು ತಪ್ಪು ತಪ್ಪಾಗಿ ಹೇಳ್ತೀಯ."

ರಿಂಗ್ ಆಯಿತು.

"ಹಲೋ? ಗೇರ್ ಬಿಡು, ಗೇರ್ ಯಾಕೆ ಹಿಡ್ಕೊಂಡಿದ್ದೀಯ, ಅದೇನು ಓಡಿ ಹೋಗುತ್ತಾ? ಹಲೋ, ಯಾರು?"

"ನಾನು ಮೇಡಂ, ಜಾಕೆಟ್ ಮನೆಯಿಂದ. ಮೊದಲು ಗಾಡಿ ಪಕ್ಕಕ್ಕೆ ನಿಲ್ಲಿಸ್ತೀರಾ?"

"ಯಾಕೆ? ಕಂದು ಬಟ್ಟೆ ಇಲ್ವಾ?"

"ಇದೆ. ಪೂರ್ತಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ."

ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು, ಆಮೇಲೆ ಹ್ಯಾಂಡ್ ಬ್ರೇಕ್ ಎಳೆದ ಸದ್ದು. ನಾನು ಹೇಳಲು ಶುರು ಮಾಡಿದೆ. ದಾರ ಕರಗಿದ್ದು, ಪಟ್ಟಿಯಲ್ಲಿನ ಎರಡನೇ ಸಾಲು, ಗೋಡೌನು. ಗಾಬರಿಯಲ್ಲಿ ಎಂಬತ್ತೆರಡನ್ನು ಮೊದಲು ಹೇಳಬೇಕೋ ಕೊನೆಗೆ ಹೇಳಬೇಕೋ ಎಂದು ತಡವರಿಸಿದೆ. ಚಿಕ್ಕಮ್ಮ ಮಗುವಿನ ಸಮೇತ ಮುಂದಕ್ಕೆ ಬಾಗಿದಳು.

"ನಾನು ಹೇಳಿದ ಇಸವಿ ತಪ್ಪು," ಎಂದಳು ಫೋನಿಗೆ. "ಆ ಜಾಕೆಟ್ ಎಂಬತ್ತೆರಡರ ಚಳಿಗಾಲದ್ದು. ಅದಕ್ಕೆ ಮುಂಚಿನದಲ್ಲ. ಜಿಪ್ ಹಳೇದು, ಹಾಕಿದ್ದು ನಾನು. ದಾರ ಸುಟ್ಟು ನೋಡ್ಬೇಕಿತ್ತು, ನೋಡ್ಲಿಲ್ಲ."

ಆ ಕಡೆ ಕಾರಿನ ಎಂಜಿನ್ ಆರಿಸಿದ ಸದ್ದು ಕೇಳಿಸಿತು.

"ಮೇಡಂ?" ಎಂದೆ. "ನೀವು ಚೆನ್ನಾಗಿದ್ದೀರಾ? ನೀರಿದ್ರೆ ಸ್ವಲ್ಪ ಕುಡೀರಿ. ಹೇಳ್ಬೇಕೋ ಬೇಡ್ವೋ ಅಂತ ನಮಗೇ ಗೊತ್ತಾಗ್ಲಿಲ್ಲ. ಅಂದ್ರೆ ಅವರು ನಿಮ್ಮನ್ನ ನೋಡಿದ ಮೇಲೂ..."

"ಹೋಗಿದ್ದು ಗೊತ್ತೇ ಇತ್ತಲ್ಲ," ಎಂದರು ಕ್ಲಚ್ ಮೇಡಂ. "ಬಂದಿದ್ದೇ ಗೊತ್ತಿರ್ಲಿಲ್ಲ."

ಹುಡುಗಿ ಏನೋ ಕೇಳಿದ್ದು ಕೇಳಿಸಿತು.

"ಸುಮ್ನಿರು ಒಂದು ನಿಮಿಷ. ಅಕ್ಕಾ, ಎಂಬತ್ತೆರಡು ಖಾತ್ರಿನಾ? ಈ ಸಲ?"

"ನಾಕು ಕಡೆ ದಾರ ಸುಟ್ಟಿದ್ದೀನಿ," ಎಂದಳು ಚಿಕ್ಕಮ್ಮ. "ಬೇಕಾದ್ರೆ ಬಾ, ನಿನ್ನ ಕೈಲೇ ಸುಡಿಸ್ತೀನಿ."

"ಬರ್ತೀನಿ. ಆದ್ರೆ ಲೈನಿಂಗ್ ಈಗಲೇ ಹಾಕ್ಬೇಡಿ. ಅಮ್ಮನ್ನೂ ಕರ್ಕೊಂಡು ಬರ್ತೀನಿ, ಆ ದಾರ ಅವರೂ ನೋಡ್ಲಿ. ಇವತ್ತಲ್ಲ, ಇವತ್ತು ನಂಗೇ ಆಗಲ್ಲ." ಮೂಗು ಒರೆಸಿಕೊಂಡ ಸದ್ದು. "ಅವರನ್ನ ಬೈಯೋಕಲ್ಲ. ಹಾಗಂತ ಹೇಳಿ ಕರ್ಕೊಂಡು ಬರ್ಬೇಕು, ಇಲ್ಲಾಂದ್ರೆ ಬರಲ್ಲ."

"ಟೀ ಮಾಡಿಟ್ಟಿರ್ತೀನಿ," ಎಂದಳು ಚಿಕ್ಕಮ್ಮ.

"ಮೇಡಂ," ಎಂದೆ ನಾನು, "ಈಗ ಗಾಡಿ ಓಡಿಸ್ಬೇಡಿ. ಸ್ವಲ್ಪ ಹೊತ್ತು ಅಲ್ಲೇ ಇರಿ."

"ಓಡಿಸೋಳು ನಾನಲ್ಲ, ಇವಳು," ಎಂದರು. "ಅದೂ ಮೂರನೇ ಕ್ಲಾಸು. ಇಲ್ಲೇ ಇರ್ತೀವಿ."